ದೀಪಧಾರಿಣಿಯ ಲೆಕ್ಕದ ಪುಸ್ತಕ

ನೊಂದವರಿಗೆ ನೆರವಾಗುವುದು ದೊಡ್ಡ ಧರ್ಮವೆಂದು ಎಲ್ಲ ನಾಡುಗಳ ಹಿರಿಯರೂ ಹೇಳಿದ್ದಾರೆ. ಆದರೆ ಕಳುಹಿಸಿದ ನೆರವು ನೊಂದವನ ಕೈಯನ್ನು ಮುಟ್ಟಿತೇ, ಮುಟ್ಟಿದ ಮೇಲೆ ಅವನ ಸಂಕಟ ಕಡಮೆಯಾಯಿತೇ ಎಂದು ಹಿಂದಿರುಗಿ ನೋಡುವವರು ವಿರಳ. ಕೊಟ್ಟ ಕೈ ಕೊಟ್ಟೆನೆಂಬ ತೃಪ್ತಿಯಲ್ಲಿಯೇ ಸುಮ್ಮನಾಗುತ್ತದೆ. ಶಾಂತಿಯ ಕಾಲದಲ್ಲಿಯೇ ಹೀಗಾದರೆ ಎಲ್ಲವೂ ಅಸ್ತವ್ಯಸ್ತವಾಗಿರುವ ಯುದ್ಧಭೂಮಿಯಲ್ಲಿ ಹೇಳುವುದೇನು? ಅಲ್ಲಿ ಔಷಧವು ಒಂದು ದಡದಲ್ಲಿಯೂ ರೋಗಿಯು ಇನ್ನೊಂದು ದಡದಲ್ಲಿಯೂ ಉಳಿದುಹೋಗುವುದು ಹೊಸ ಸಂಗತಿಯಲ್ಲ.

ಫ್ಲಾರೆನ್ಸ್ ನೈಟಿಂಗೇಲಳ ಹೆಸರನ್ನು ಕೇಳದವರು ಕಡಮೆ. ಇರುಳಿನಲ್ಲಿ ಕೈದೀಪವನ್ನು ಹಿಡಿದು, ಗಾಯಾಳುಗಳ ಹಾಸಿಗೆಯಿಂದ ಹಾಸಿಗೆಗೆ ನಡೆದ ಆ ಕರುಣಾಮೂರ್ತಿಯನ್ನು ಜಗತ್ತು ದೀಪಧಾರಿಣಿಯೆಂದು ಕೊಂಡಾಡಿದೆ. ಆದರೆ ಆಕೆಯ ಇನ್ನೊಂದು ಕೈಯಲ್ಲಿ ಸದಾ ಲೆಕ್ಕದ ಪುಸ್ತಕವಿತ್ತೆಂಬುದನ್ನು ಬಲ್ಲವರು ಹೆಚ್ಚಿಲ್ಲ. ದೀಪವು ಆಕೆಗೆ ಕೀರ್ತಿಯನ್ನು ತಂದಿತು. ಲೆಕ್ಕವು ಆಕೆಗೆ ಕಹಿಯಾದ ಸತ್ಯವೊಂದನ್ನು ತೋರಿಸಿತು. ಆ ಸತ್ಯವನ್ನು ಆಕೆ ಮರೆಮಾಚಲಿಲ್ಲ. ಆಕೆಯ ನಿಜವಾದ ಹಿರಿಮೆಯಿರುವುದು ಅಲ್ಲಿಯೇ.

ಫ್ಲಾರೆನ್ಸ್ ಹುಟ್ಟಿದ್ದು 1820ನೆಯ ಇಸವಿ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ತಂದೆ ವಿಲಿಯಂ ಎಡ್ವರ್ಡ್ ನೈಟಿಂಗೇಲ್, ತಾಯಿ ಫ್ರಾನ್ಸಿಸ್. ಇಂಗ್ಲೆಂಡಿನ ಸಿರಿವಂತ ಮನೆತನಕ್ಕೆ ಸೇರಿದ ಈ ದಂಪತಿಗಳು ಪ್ರವಾಸದಲ್ಲಿದ್ದಾಗ ಹುಟ್ಟಿದ ಮಗುವಿಗೆ ಆ ಊರಿನ ಹೆಸರನ್ನೇ ಇಟ್ಟರು. ತಂದೆಯು ವಿದ್ಯಾವಂತನು. ಹೆಣ್ಣುಮಕ್ಕಳಿಗೆ ಹೊಲಿಗೆ, ಸಂಗೀತಗಳೇ ಸಾಕೆಂದು ಸಮಾಜವು ಭಾವಿಸಿದ್ದ ಆ ಕಾಲದಲ್ಲಿ ಅವನು ತನ್ನಿಬ್ಬರು ಹೆಣ್ಣುಮಕ್ಕಳಿಗೂ ಗ್ರೀಕ್, ಲ್ಯಾಟಿನ್ ಭಾಷೆಗಳನ್ನೂ ಚರಿತ್ರೆಯನ್ನೂ ತತ್ತ್ವಶಾಸ್ತ್ರವನ್ನೂ ತಾನೇ ಕುಳಿತು ಕಲಿಸಿದನು. ಕಿರಿಯವಳಾದ ಫ್ಲಾರೆನ್ಸಳಿಗೆ ಇವೆಲ್ಲಕ್ಕಿಂತಲೂ ಹೆಚ್ಚಾಗಿ ಹಿಡಿಸಿದ ವಿಷಯವೆಂದರೆ ಗಣಿತ. ಬೇರೆಯವರಿಗೆ ಒಣ ಸಂಖ್ಯೆಗಳಾಗಿ ಕಾಣುತ್ತಿದ್ದವುಗಳಲ್ಲಿ ಆಕೆಗೆ ಮನುಷ್ಯರ ಸುಖದುಃಖಗಳ ಜಾಡು ಕಾಣುತ್ತಿತ್ತು.

ಹದಿನೇಳನೆಯ ವಯಸ್ಸಿನಲ್ಲಿ ಆಕೆಗೆ ದೇವರು ತನ್ನನ್ನು ಸೇವೆಗೆ ಕರೆದನೆಂಬ ದೃಢವಾದ ನಂಬಿಕೆಯುಂಟಾಯಿತು. ಆ ಸೇವೆ ಯಾವುದೆಂಬುದು ಕೆಲವು ವರ್ಷಗಳ ಮೇಲೆ ಸ್ಪಷ್ಟವಾಯಿತು. ರೋಗಿಗಳ ಶುಶ್ರೂಷೆಯೇ ತನ್ನ ದಾರಿಯೆಂದು ಆಕೆ ತಿಳಿಸಿದಾಗ ಮನೆಯವರು ದಿಗ್ಭ್ರಾಂತರಾದರು. ಆ ದಿನಗಳಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳು ಕೊಳಕಿನ ಕೂಪಗಳಾಗಿದ್ದವು. ದಾದಿಯರೆಂದರೆ ಓದುಬರಹವಿಲ್ಲದವರು, ಕುಡುಕಿಯರು ಎಂಬ ಅಪಖ್ಯಾತಿಯಿತ್ತು. ತಾಯಿ ಅತ್ತಳು, ಅಕ್ಕ ಮುನಿದಳು. ಫ್ಲಾರೆನ್ಸ್ ಎದುರು ವಾದಿಸಲಿಲ್ಲ, ಹಟವನ್ನೂ ಬಿಡಲಿಲ್ಲ. ಮನೆಯವರು ಏಳುವುದಕ್ಕೆ ಮೊದಲೇ ಎದ್ದು, ಮೇಣದ ಬತ್ತಿಯ ಬೆಳಕಿನಲ್ಲಿ ಆಸ್ಪತ್ರೆಗಳ ವರದಿಗಳನ್ನೂ ಜನಾರೋಗ್ಯದ ಅಂಕಿಅಂಶಗಳನ್ನೂ ಓದಿ ಟಿಪ್ಪಣಿ ಪುಸ್ತಕಗಳನ್ನು ತುಂಬಿಸಿದಳು. ತನ್ನನ್ನು ಮೆಚ್ಚಿ ಬಂದ ವರನನ್ನೂ ನಿರಾಕರಿಸಿದಳು. ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿನ ಸೇವಾಶ್ರಮದಲ್ಲಿ ಮೂರು ತಿಂಗಳು ತರಬೇತಿ ಪಡೆದಳು. 1853ರಲ್ಲಿ ಲಂಡನ್ನಿನ ಚಿಕ್ಕ ಆಸ್ಪತ್ರೆಯೊಂದರ ಮೇಲ್ವಿಚಾರಕಳಾದಳು. ಮುಂದಿನ ವರ್ಷವೇ ಯುದ್ಧದ ಕರೆ ಬಂದಿತು.

1854ರ ಮಾರ್ಚಿಯಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ತುರ್ಕಿಯ ಪಕ್ಷವನ್ನು ವಹಿಸಿ ರಷ್ಯದ ಮೇಲೆ ಯುದ್ಧ ಸಾರಿದವು. ಸೆಪ್ಟೆಂಬರಿನಲ್ಲಿ ಅವರ ಸೈನ್ಯಗಳು ಕಪ್ಪು ಸಮುದ್ರದ ಕ್ರೈಮಿಯ ಪರ್ಯಾಯದ್ವೀಪದಲ್ಲಿ ಇಳಿದವು. ಅಲ್ಲಿ ಗಾಯಗೊಂಡವರನ್ನೂ ಕಾಯಿಲೆ ಬಿದ್ದವರನ್ನೂ ಹಡಗಿಗೆ ತುಂಬಿ, ಸುಮಾರು 300 ಮೈಲಿ ದೂರದ ಸ್ಕುಟಾರಿ ಎಂಬ ಊರಿಗೆ ಸಾಗಿಸುತ್ತಿದ್ದರು. ಬಾಸ್ಪೊರಸ್ ಜಲಸಂಧಿಯ ಆಚೆ, ಕಾನ್‌ಸ್ಟಾಂಟಿನೋಪಲ್ ನಗರಕ್ಕೆ ಎದುರಾಗಿ ನಿಂತಿದ್ದ ತುರ್ಕಿಯ ವಿಶಾಲವಾದ ಸೈನಿಕ ವಸತಿಯೊಂದು ಅಲ್ಲಿ ಬ್ರಿಟಿಷರ ಆಸ್ಪತ್ರೆಯಾಗಿ ಮಾರ್ಪಟ್ಟಿತ್ತು. ಅಲ್ಲಿನ ಹಿರಿಯ ವೈದ್ಯಾಧಿಕಾರಿಯು ಆಸ್ಪತ್ರೆಯ ವ್ಯವಸ್ಥೆಯು ತೃಪ್ತಿಕರವಾಗಿದೆಯೆಂದೂ ಯಾವ ಕೊರತೆಯೂ ಇಲ್ಲವೆಂದೂ ಮೇಲಿನವರಿಗೆ ವರದಿ ಕಳುಹಿಸಿದನು. ಅದೇ ಹೊತ್ತಿಗೆ ಲಂಡನ್ನಿನ ಟೈಮ್ಸ್ ಪತ್ರಿಕೆಯ ವರದಿಗಾರರು ಗಾಯಕ್ಕೆ ಕಟ್ಟಲು ಬಟ್ಟೆಯೂ ಇಲ್ಲದೆ ಸೈನಿಕರು ನರಳುತ್ತಿರುವುದನ್ನು ಕಂಡು ಬರೆದರು. ಜನರು ಕೆರಳಿದರು. ಪತ್ರಿಕೆಯು ತೆರೆದ ನಿಧಿಗೆ ಹಣ ಹರಿದು ಬಂದಿತು. ಯುದ್ಧಖಾತೆಯ ಮಂತ್ರಿಯಾಗಿದ್ದ ಸಿಡ್ನಿ ಹರ್ಬರ್ಟನು ಫ್ಲಾರೆನ್ಸಳನ್ನು ಬಲ್ಲವನು. ದಾದಿಯರ ತಂಡವೊಂದನ್ನು ಕರೆದುಕೊಂಡು ಸ್ಕುಟಾರಿಗೆ ಹೋಗಬೇಕೆಂದು ಅವನು ಆಕೆಗೆ ಪತ್ರ ಬರೆದನು. ಒಂದೇ ವಾರದಲ್ಲಿ ಸಿದ್ಧತೆ ಮುಗಿಯಿತು. ಅಕ್ಟೋಬರ್ 21ರಂದು 38 ಮಂದಿ ದಾದಿಯರೊಡನೆ ಹೊರಟು, ನವೆಂಬರ್ 4ರಂದು ಫ್ಲಾರೆನ್ಸ್ ಸ್ಕುಟಾರಿಯನ್ನು ಸೇರಿದಳು.

ಅಲ್ಲಿ ಆಕೆ ಕಂಡ ನೋಟವು ಯಾರ ಎದೆಯನ್ನಾದರೂ ನಡುಗಿಸುವಂಥದು. ಹಾಸಿಗೆಗಳ ಸಾಲು ಕೊಠಡಿಗಳನ್ನು ತುಂಬಿ ನಡುಮನೆಗಳಿಗೂ ಹಬ್ಬಿತ್ತು. ಹಾಸಿಗೆ ಸಿಕ್ಕದವರು ಬರಿಯ ನೆಲದ ಮೇಲೆ ಬಿದ್ದಿದ್ದರು. ಬಟ್ಟೆ, ಬೋಗುಣಿ, ಸಾಬೂನು, ದೀಪ ಇವು ಯಾವುವೂ ಸಾಕಷ್ಟಿರಲಿಲ್ಲ. ಇಲಿ ಹೇನುಗಳಿಗೆ ಮಾತ್ರ ಕೊರತೆಯಿರಲಿಲ್ಲ. ಮೊದಮೊದಲು ಸೈನ್ಯದ ವೈದ್ಯರು ಈ ಹೆಂಗಸರನ್ನು ರೋಗಿಗಳ ಬಳಿಗೆ ಬಿಡಲಿಲ್ಲ. ಫ್ಲಾರೆನ್ಸ್ ಕಾದಳು. ಆಕೆ ಬಂದ ಮರುದಿನವೇ ನಡೆದ ಇಂಕರ್‌ಮನ್ ಕದನದ ಗಾಯಾಳುಗಳು ಹಡಗು ಹಡಗಾಗಿ ಬಂದಿಳಿದಾಗ ವೈದ್ಯರೇ ಆಕೆಯ ನೆರವನ್ನು ಬೇಡಬೇಕಾಯಿತು.

ಕೆಲಸಕ್ಕೆ ತೊಡಗಿದ ಕೆಲವೇ ದಿನಗಳಲ್ಲಿ ಆಕೆಗೆ ಒಂದು ವಿಚಿತ್ರವು ಗೋಚರಿಸಿತು. ಸಾಮಗ್ರಿಗಳು ಇಂಗ್ಲೆಂಡಿನಿಂದ ಹೊರಡುತ್ತಿದ್ದವು. ಆದರೆ ರೋಗಿಯನ್ನು ಮುಟ್ಟುತ್ತಿರಲಿಲ್ಲ. ಒಂದು ಇಲಾಖೆಯು ಕೊಳ್ಳುವುದು, ಇನ್ನೊಂದು ಸಾಗಿಸುವುದು, ಮತ್ತೊಂದು ಹಂಚುವುದು. ಒಂದರ ಕೆಲಸ ಇನ್ನೊಂದಕ್ಕೆ ತಿಳಿಯದು. ಬಂದ ಗಂಟುಗಳನ್ನು ಪರೀಕ್ಷಕ ಮಂಡಲಿಯು ನೋಡಿ ಒಪ್ಪುವವರೆಗೆ ಬಿಚ್ಚಕೂಡದೆಂದು ನಿಯಮ. ಮಂಡಲಿಯು ಸೇರುವಷ್ಟರಲ್ಲಿ ಹೊದಿಕೆಗಾಗಿ ಕಾದವನು ಹೊದಿಕೆಯ ಅಗತ್ಯವಿಲ್ಲದ ಲೋಕಕ್ಕೆ ಹೋಗಿರುತ್ತಿದ್ದನು. ಅತ್ತ ಕ್ರೈಮಿಯದಲ್ಲಿ ಸೈನಿಕರು ಸ್ಕರ್ವಿ ರೋಗದಿಂದ ಹಲ್ಲು ಉದುರಿ ಸಾಯುತ್ತಿದ್ದಾಗ, ಆ ರೋಗಕ್ಕೆ ಮದ್ದಾದ ನಿಂಬೆರಸವು 1854ರ ಡಿಸೆಂಬರಿನಲ್ಲಿಯೇ ಬಂದು ಉಗ್ರಾಣದಲ್ಲಿ ಬಿದ್ದಿತ್ತು. ಅದು ದಿನನಿತ್ಯದ ಪಡಿಯ ಪಟ್ಟಿಯಲ್ಲಿ ಇಲ್ಲವೆಂಬ ಕಾರಣದಿಂದ ವಾರಗಟ್ಟಲೆ ಹಂಚಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ನಮ್ಮ ಗಾದೆಗೆ ಇದಕ್ಕಿಂತ ಕ್ರೂರವಾದ ನಿದರ್ಶನವು ಸಿಕ್ಕಲಾರದು. ಕಾಗದದ ಮೇಲೆ ಎಲ್ಲವೂ ಇತ್ತು. ಕೊರತೆಯಿಲ್ಲವೆಂದು ವರದಿ ಬರೆದವನು ನೋಡಿದ್ದು ಕಾಗದವನ್ನೇ ಹೊರತು ಹಾಸಿಗೆಯನ್ನಲ್ಲ.

ಫ್ಲಾರೆನ್ಸ್ ಹಾಸಿಗೆಯಿಂದ ಆರಂಭಿಸಿದಳು. ಯಾವ ಕೊಠಡಿಯಲ್ಲಿ ಎಷ್ಟು ರೋಗಿಗಳು, ಅವರಿಗೆ ಬೇಕಾದುದೇನು, ಇರುವುದೇನು ಎಂದು ಎಣಿಸಿದಳು. ಟೈಮ್ಸ್ ನಿಧಿಯಿಂದಲೂ ದಾನಿಗಳಿಂದಲೂ ಬಂದ ಹಣದಲ್ಲಿ ಅಂಗಿ, ತಟ್ಟೆ, ಚಮಚ, ಹಲ್ಲುಜ್ಜುವ ಕುಂಚ ಮೊದಲಾದುವನ್ನು ಕೊಂಡು ತನ್ನದೇ ಒಂದು ಉಗ್ರಾಣವನ್ನು ತೆರೆದಳು. ಬಟ್ಟೆ ಒಗೆಯಲು ಬಿಸಿನೀರಿನ ಏರ್ಪಾಟು ಮಾಡಿಸಿದಳು. ಪಥ್ಯದ ಅಡುಗೆಮನೆಗಳನ್ನು ನಡೆಸಿದಳು. ಆದರೆ ಕಣ್ಣಿಗೆ ಕಂಡವರಿಗೆಲ್ಲ ಕೈಗೆ ಬಂದುದನ್ನು ಕೊಡುವ ದಾನ ಆಕೆಯದಾಗಿರಲಿಲ್ಲ. ವೈದ್ಯನು ಬರೆದು ಕೇಳಿದುದನ್ನಷ್ಟೇ ಕೊಡುವಳು. ಕೊಟ್ಟುದನ್ನು ಪುಸ್ತಕದಲ್ಲಿ ಬರೆಯುವಳು. ಯುದ್ಧವು ಮುಗಿದ ಮೇಲೆ 1857ರಲ್ಲಿ, ತನ್ನ ಕೈಗೆ ಬಂದ ಕಾಣಿಕೆಗಳೇನು, ಅವುಗಳನ್ನು ಹಂಚಿದ ರೀತಿಯೇನು ಎಂಬುದರ ವಿವರವನ್ನು ಅಚ್ಚು ಹಾಕಿಸಿ ಜನರ ಮುಂದಿಟ್ಟಳು. ಪರರ ಹಣಕ್ಕೆ ಪರರೇ ಒಡೆಯರು, ತಾನು ಅದರ ಪಾರುಪತ್ಯಗಾರಳು ಮಾತ್ರವೆಂಬುದು ಆಕೆಯ ನಿಲುವಾಗಿತ್ತು.

ಹಗಲು ಹೀಗೆ ಕಳೆದರೆ ಇರುಳಿನಲ್ಲಿ ದೀಪವನ್ನು ಹಿಡಿದು ಆಸ್ಪತ್ರೆಯನ್ನು ಸುತ್ತುವಳು. ನೋವಿನಿಂದ ಎಚ್ಚರವಾಗಿದ್ದವನ ಬಳಿ ನಿಲ್ಲುವಳು. ಸತ್ತವನ ತಾಯಿಗೋ ಹೆಂಡತಿಗೋ ತಾನೇ ಕಾಗದ ಬರೆಯುವಳು. ಸೈನಿಕರು ಆಕೆಯನ್ನು ದೇವತೆಯೆಂದು ಭಾವಿಸಿದರು. ಪತ್ರಿಕೆಗಳು ಆಕೆಯ ಚಿತ್ರವನ್ನು ಮುದ್ರಿಸಿದವು. ಇಂಗ್ಲೆಂಡಿನ ಮನೆಮನೆಗಳಲ್ಲಿ ಆಕೆಯ ಹೆಸರು ಕೇಳಿಬಂದಿತು.

ಆದರೆ ಸಾವು ನಿಲ್ಲಲಿಲ್ಲ. ಅನ್ನ, ಬಟ್ಟೆ, ಶುಶ್ರೂಷೆ ಎಲ್ಲವೂ ಮೊದಲಿಗಿಂತ ಉತ್ತಮವಾಗಿದ್ದರೂ ಆ ಚಳಿಗಾಲದಲ್ಲಿ ಸಾವಿನ ಸಂಖ್ಯೆಯು ಏರುತ್ತಲೇ ಹೋಯಿತು. 1855ರ ಫೆಬ್ರವರಿಯಲ್ಲಿ ಚಿಕಿತ್ಸೆ ಪಡೆದ ನೂರು ಮಂದಿಯಲ್ಲಿ 42 ಮಂದಿ ಸತ್ತರು. ಅವರಲ್ಲಿ ಬಹುಮಂದಿಯನ್ನು ಕೊಂದದ್ದು ಶತ್ರುವಿನ ಗುಂಡಲ್ಲ. ಆಮಶಂಕೆ, ಕಾಲರಾ, ವಿಷಮಜ್ವರ ಮೊದಲಾದ ರೋಗಗಳು. ಸೈನಿಕರು ಹಸಿವಿನಿಂದಲೂ ಚಳಿಯಿಂದಲೂ ತೀರ ಬಳಲಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ಬರುತ್ತಿರುವುದೇ ಇದಕ್ಕೆ ಕಾರಣವೆಂದು ಫ್ಲಾರೆನ್ಸ್ ಆಗ ನಂಬಿದ್ದಳು.

ಆ ವರ್ಷದ ಮಾರ್ಚಿಯಲ್ಲಿ ಸರಕಾರವು ಕಳುಹಿಸಿದ ನೈರ್ಮಲ್ಯ ಆಯೋಗವು ಸ್ಕುಟಾರಿಗೆ ಬಂದಿತು. ಡಾಕ್ಟರ್ ಜಾನ್ ಸದರ್ಲೆಂಡ್ ಅದರ ಮುಖ್ಯಸ್ಥನು. ರಾಬರ್ಟ್ ರಾಲಿನ್‌ಸನ್ ಎಂಬ ಎಂಜಿನಿಯರನು ಅದರ ಸದಸ್ಯರಲ್ಲೊಬ್ಬನು. ಅವರು ರೋಗಿಗಳನ್ನು ನೋಡುವುದಕ್ಕಿಂತ ಹೆಚ್ಚಾಗಿ ಕಟ್ಟಡವನ್ನು ನೋಡಿದರು. ಆ ಭವ್ಯವಾದ ಕಟ್ಟಡವು ಹೂತುಹೋದ ಚರಂಡಿಗಳ ಮೇಲೆ ನಿಂತಿತ್ತು. ಕೊಳೆತ ಮಲವು ಗೋಡೆಗಳ ಬುಡದಲ್ಲಿ ಮಡುಗಟ್ಟಿತ್ತು. ನೀರು ಬರುವ ಕಾಲುವೆಯಲ್ಲಿ ಸತ್ತ ಕುದುರೆಯೊಂದು ಬಿದ್ದಿತ್ತು. ಆಯೋಗದವರು ಚರಂಡಿಗಳನ್ನು ತೊಳೆಯಿಸಿದರು. ಕಸವನ್ನೂ ಸತ್ತ ಪ್ರಾಣಿಗಳನ್ನೂ ಸಾಗಿಸಿದರು. ಗೋಡೆಗಳಿಗೆ ಸುಣ್ಣ ಬಳಿಸಿದರು. ಗಾಳಿಯಾಡುವಂತೆ ಕಿಂಡಿಗಳನ್ನು ತೆರೆಯಿಸಿದರು. ಸಾವಿನ ಪ್ರಮಾಣವು ಇಳಿಯತೊಡಗಿತು. ಜೂನ್ ತಿಂಗಳ ಹೊತ್ತಿಗೆ ಅದು ನೂರಕ್ಕೆ ಎರಡರ ಸುಮಾರಿಗೆ ಬಂದಿತು.

ಅದೇ ಮೇ ತಿಂಗಳಲ್ಲಿ ಕ್ರೈಮಿಯದ ಆಸ್ಪತ್ರೆಗಳನ್ನು ನೋಡಲು ಹೋದ ಫ್ಲಾರೆನ್ಸ್ ಜ್ವರ ಬಿದ್ದು ಸಾವಿನ ಹೊಸ್ತಿಲನ್ನು ಮುಟ್ಟಿ ಬಂದಳು. ಆದರೂ ಯುದ್ಧವು ಮುಗಿಯುವವರೆಗೆ ತನ್ನ ಸ್ಥಾನವನ್ನು ಬಿಡಲಿಲ್ಲ. 1856ರ ಮಾರ್ಚಿಯಲ್ಲಿ ಒಪ್ಪಂದವಾಯಿತು. ಆಕೆಯ ಸ್ವಾಗತಕ್ಕೆ ಇಂಗ್ಲೆಂಡು ಸಿದ್ಧವಾಗಿತ್ತು. ಆಕೆ ಹೆಸರನ್ನು ಮರೆಸಿಕೊಂಡು ಪ್ರಯಾಣ ಮಾಡಿ, ಆಗಸ್ಟಿನಲ್ಲಿ ಊರ ನಿಲ್ದಾಣದಲ್ಲಿ ಇಳಿದು ಒಬ್ಬಳೇ ಮನೆಗೆ ನಡೆದು ಹೋದಳು. ಹಿಂದಿರುಗದವರ ನೆನಪು ಆಕೆಯ ಬೆನ್ನ ಹಿಂದೆಯೇ ಬಂದಿತ್ತು. ಆ ಯುದ್ಧದಲ್ಲಿ ಬ್ರಿಟನ್ ಸುಮಾರು 21,000 ಮಂದಿಯನ್ನು ಕಳೆದುಕೊಂಡಿತು. ಅವರಲ್ಲಿ 16,000ಕ್ಕೂ ಹೆಚ್ಚು ಮಂದಿ ರೋಗದಿಂದ ಸತ್ತವರು. ಅವರೇಕೆ ಸತ್ತರೆಂಬುದನ್ನು ತಿಳಿಯುವವರೆಗೆ ತನಗೆ ವಿಶ್ರಾಂತಿಯಿಲ್ಲವೆಂದು ಆಕೆ ನಿಶ್ಚಯಿಸಿದಳು. ಸೆಪ್ಟೆಂಬರಿನಲ್ಲಿ ರಾಣಿ ವಿಕ್ಟೋರಿಯಾಳನ್ನು ಕಂಡು ವಿಚಾರಣಾ ಆಯೋಗವು ಬೇಕೆಂದು ಬಿನ್ನವಿಸಿದಳು. ಸಿಡ್ನಿ ಹರ್ಬರ್ಟನ ಅಧ್ಯಕ್ಷತೆಯಲ್ಲಿ 1857ರಲ್ಲಿ ಆಯೋಗವು ನೇಮಕವಾಯಿತು. ಹೆಂಗಸಾದುದರಿಂದ ಆಕೆಗೆ ಅದರಲ್ಲಿ ಸ್ಥಾನವಿರಲಿಲ್ಲ. ಆದರೆ ಅದರ ಬೆನ್ನೆಲುಬು ಆಕೆಯೇ ಆಗಿದ್ದಳು.

ಲೆಕ್ಕಕ್ಕೆ ಕುಳಿತಾಗ ಮೊದಲ ತೊಡಕು ಎದುರಾಯಿತು. ಸ್ಕುಟಾರಿಯಲ್ಲಿ ಸಾವಿನ ದಾಖಲೆಗಳು ಮೂರು ಬಗೆಯಾಗಿದ್ದವು. ಸೈನ್ಯದ ಕಚೇರಿಯು ಹೂಳಲ್ಪಟ್ಟವರ ದಿನಪಟ್ಟಿಯನ್ನು ಇಡುತ್ತಿತ್ತು. ವೈದ್ಯಾಧಿಕಾರಿಗಳು ತಮ್ಮದೊಂದು ಪಟ್ಟಿಯನ್ನು ಕಳುಹಿಸುತ್ತಿದ್ದರು. ಹೂಳಲ್ಪಟ್ಟ ನೂರಾರು ಮಂದಿಯ ಹೆಸರು ಅದರಲ್ಲಿ ಇರಲೇ ಇಲ್ಲ. ಮೂರನೆಯ ಪಟ್ಟಿಯು ಈ ಎರಡಕ್ಕೂ ಹೊಂದದ ಬೇರೆಯೇ ಸಂಖ್ಯೆಯನ್ನು ಹೇಳುತ್ತಿತ್ತು. ಒಂದೇ ರೋಗಕ್ಕೆ ಒಬ್ಬೊಬ್ಬ ವೈದ್ಯನು ಒಂದೊಂದು ಹೆಸರನ್ನು ಬರೆದಿದ್ದನು. ಬದುಕಿದ್ದಾಗ ಹೊದಿಕೆಯನ್ನು ಪಡೆಯದವನು ಸತ್ತ ಮೇಲೆ ಪಟ್ಟಿಯಲ್ಲಿಯೂ ಸ್ಥಾನವನ್ನು ಪಡೆಯಲಿಲ್ಲ. ಸಾವನ್ನು ಸರಿಯಾಗಿ ಎಣಿಸದವರು ಸಾವಿನ ಕಾರಣವನ್ನು ತಿಳಿಯುವುದಾದರೂ ಹೇಗೆ?

ಇಂಗ್ಲೆಂಡಿನ ಜನನಮರಣಗಳ ಲೆಕ್ಕವನ್ನು ನೋಡುತ್ತಿದ್ದ ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞನು ಆಕೆಗೆ ನೆರವಾದನು. ಪಟ್ಟಿಗಳನ್ನು ಒಂದಕ್ಕೊಂದು ತಾಳೆ ನೋಡಿದರು. ತಿಂಗಳು ತಿಂಗಳಾಗಿ, ಆಸ್ಪತ್ರೆ ಆಸ್ಪತ್ರೆಯಾಗಿ ಸಾವುಗಳನ್ನು ವಿಂಗಡಿಸಿದರು. ಕೋಷ್ಟಕಗಳು ಪೂರ್ಣವಾದಂತೆ ಸತ್ಯವು ನಿಧಾನವಾಗಿ ಮುಖ ತೋರಿಸಿತು. ರಣರಂಗದ ಹತ್ತಿರ, ಡೇರೆಗಳಲ್ಲಿಯೂ ಗುಡಿಸಲುಗಳಲ್ಲಿಯೂ ಇದ್ದ ಸಣ್ಣ ಆಸ್ಪತ್ರೆಗಳಿಗಿಂತ ಸ್ಕುಟಾರಿ ಹಾಗೂ ಅದರ ನೆರೆಯ ದೊಡ್ಡ ಆಸ್ಪತ್ರೆಗಳಲ್ಲಿ ಸಾವು ಹೆಚ್ಚಾಗಿತ್ತು. ಅಲ್ಲಿದ್ದವರಿಗೆ ಬಟ್ಟೆಯೂ ಕಡಮೆ, ಅನ್ನವೂ ಕಡಮೆ. ಆದರೂ ಅವರಲ್ಲಿ ಬದುಕಿದವರು ಹೆಚ್ಚು. ಇಲ್ಲಿ ಸಾವು ಇಳಿದದ್ದು ಅಂಗಿಗಳು ಬಂದಾಗ ಅಲ್ಲ, ಚರಂಡಿಗಳು ಶುದ್ಧವಾದಾಗ.

ಇದರ ಅರ್ಥವೇನೆಂಬುದು ಫ್ಲಾರೆನ್ಸಳಿಗೆ ತಿಳಿಯದೆ ಇರಲಿಲ್ಲ. ಸೈನಿಕರನ್ನು ಬದುಕಿಸಲೆಂದು ಕರೆತಂದ ಮನೆಯೇ ಅವರನ್ನು ಕೊಂದಿತ್ತು. ಬೇಲಿಯೇ ಎದ್ದು ಹೊಲವನ್ನು ಮೇಯ್ದಿತ್ತು. ಆ ಮನೆಯಲ್ಲಿ ಆಕೆ ಹಗಲಿರುಳೂ ದುಡಿದಿದ್ದಳು. ಆ ದುಡಿಮೆಗಾಗಿಯೇ ಜಗತ್ತು ಆಕೆಯನ್ನು ಪೂಜಿಸುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆಯೆಂದು ನಾವು ಸುಮ್ಮನೆ ಆಡುವ ಮಾತು ಆಕೆಯ ಪಾಲಿಗೆ ಅಕ್ಷರಶಃ ನಿಜವಾಯಿತು. ದೀಪವನ್ನು ಹಿಡಿದು ನಡೆದ ನೆಲದ ಕೆಳಗೇ ಮೃತ್ಯುವು ಹರಿಯುತ್ತಿತ್ತು. ಆ ದೀಪವು ಅದನ್ನು ತೋರಿಸಿರಲಿಲ್ಲ. ತೋರಿಸಿದ್ದು ಲೆಕ್ಕದ ಪುಸ್ತಕ.

ಇಂಥ ಸಂದರ್ಭದಲ್ಲಿ ಸಾಮಾನ್ಯರು ಏನು ಮಾಡುತ್ತಾರೆ? ಕೋಷ್ಟಕವನ್ನು ಮಡಿಸಿ ಪೆಟ್ಟಿಗೆಯಲ್ಲಿಡುತ್ತಾರೆ. ಕೀರ್ತಿಯಿದೆ, ರಾಣಿಯ ಮನ್ನಣೆಯಿದೆ. ಸತ್ತವರಂತೂ ಬಂದು ಕೇಳುವುದಿಲ್ಲ. ಫ್ಲಾರೆನ್ಸ್ ಹಾಗೆ ಮಾಡಲಿಲ್ಲ. ಸರಕಾರದ ಅಧಿಕಾರಿಗಳಲ್ಲಿ ಹಲವರು ಈ ವಿಷಯವನ್ನು ಕೆದಕಲು ಇಚ್ಛಿಸಲಿಲ್ಲ. ಆಕೆಯೇ ಸೈನ್ಯದ ಆರೋಗ್ಯವನ್ನು ಕುರಿತು 800ಕ್ಕೂ ಹೆಚ್ಚು ಪುಟಗಳ ಗ್ರಂಥವನ್ನು ಬರೆದು, 1858ರಲ್ಲಿ ಖಾಸಗಿಯಾಗಿ ಮುದ್ರಿಸಿ, ಅಧಿಕಾರವುಳ್ಳವರಿಗೆ ಹಂಚಿದಳು. ಸ್ಕುಟಾರಿಯ ಸಾವುಗಳು ಅದರಲ್ಲಿ ಮುಚ್ಚುಮರೆಯಿಲ್ಲದೆ ನಿಂತಿವೆ.

ಮಂತ್ರಿಗಳು ಅಂಕಿಗಳ ಸಾಲುಗಳನ್ನು ಓದಲಾರರೆಂಬುದನ್ನು ಆಕೆ ಬಲ್ಲಳು. ಆದುದರಿಂದ ಅಂಕಿಗಳನ್ನು ಚಿತ್ರವಾಗಿ ಮಾರ್ಪಡಿಸಿದಳು. ಒಂದು ವರ್ಷಕ್ಕೆ ಒಂದು ವರ್ತುಲ. ಅದರಲ್ಲಿ ತಿಂಗಳಿಗೊಂದರಂತೆ ಹನ್ನೆರಡು ಹೋಳುಗಳು. ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರಿಗೆ ನೀಲಿ, ಗಾಯದಿಂದ ಸತ್ತವರಿಗೆ ಕೆಂಪು, ಉಳಿದ ಕಾರಣಗಳಿಗೆ ಕಪ್ಪು ಬಣ್ಣ. ಸಾವು ಹೆಚ್ಚಾದಷ್ಟೂ ಹೋಳು ದೊಡ್ಡದು. ಆ ಚಿತ್ರದಲ್ಲಿ ಕೆಂಪು ಬಣ್ಣವು ನಡುವಿನಲ್ಲಿ ಚಿಕ್ಕ ತುಣುಕುಗಳಾಗಿ ಕಾಣುತ್ತದೆ. ನೀಲಿಯು ರೆಕ್ಕೆಗಳಂತೆ ಹೊರಚಾಚಿ ಹರಡಿದೆ. 1855ರ ಮಾರ್ಚಿಯ ಅನಂತರದ ವರ್ತುಲದಲ್ಲಿ ಆ ನೀಲಿ ಕುಗ್ಗುತ್ತ ಕುಗ್ಗುತ್ತ ಬರುತ್ತದೆ. ಓದುಬರಹವನ್ನು ಅರಿಯದವನೂ ಒಂದೇ ನೋಟದಲ್ಲಿ ಅದರ ಅರ್ಥವನ್ನು ಗ್ರಹಿಸಬಲ್ಲನು. ಯುದ್ಧವಿಲ್ಲದ ಕಾಲದಲ್ಲಿಯೂ ಸೈನಿಕರು ತಮ್ಮ ವಸತಿಗಳಲ್ಲಿ ಅದೇ ವಯಸ್ಸಿನ ನಾಗರಿಕರಿಗಿಂತ ಸುಮಾರು ಎರಡರಷ್ಟು ಪ್ರಮಾಣದಲ್ಲಿ ಸಾಯುತ್ತಿದ್ದಾರೆಂಬುದನ್ನೂ ಆಕೆ ತೋರಿಸಿಕೊಟ್ಟಳು. 1858ರಲ್ಲಿಯೇ ಇಂಗ್ಲೆಂಡಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ತನ್ನ ಸದಸ್ಯಳನ್ನಾಗಿ ಆರಿಸಿತು. ಆ ಗೌರವವನ್ನು ಪಡೆದ ಮೊದಲ ಮಹಿಳೆ ಆಕೆ.

ಇಲ್ಲೊಂದು ಮಾತನ್ನು ಹೇಳಬೇಕು. ರೋಗಗಳು ಸೂಕ್ಷ್ಮಜೀವಿಗಳಿಂದ ಹರಡುತ್ತವೆಂಬುದು ಆಗಿನ್ನೂ ಸಿದ್ಧವಾಗಿರಲಿಲ್ಲ. ಕೆಟ್ಟ ಗಾಳಿಯೇ ರೋಗಕ್ಕೆ ಮೂಲವೆಂದು ಹಲವರಂತೆ ಆಕೆಯೂ ನಂಬಿದ್ದಳು. ನಂಬಿಕೆ ತಪ್ಪಾಗಿದ್ದರೂ ಲೆಕ್ಕವು ಸರಿಯಾಗಿದ್ದುದರಿಂದ ಆಕೆ ಹಿಡಿದ ದಾರಿ ಸರಿಯಾಯಿತು. ಪ್ರಾಮಾಣಿಕವಾಗಿ ಇಟ್ಟ ಲೆಕ್ಕಕ್ಕೆ ಇಂಥ ಶಕ್ತಿಯಿದೆ.

ಈ ದುಡಿಮೆಯ ನಡುವೆ, 1857ರ ಆಗಸ್ಟಿನಲ್ಲಿ ಫ್ಲಾರೆನ್ಸ್ ಕುಸಿದು ಬಿದ್ದಳು. ಆಗ ಆಕೆಗೆ ಮೂವತ್ತೇಳು ವರ್ಷ. ಮುಂದೆ ಹಲವು ದಶಕಗಳ ಕಾಲ ಆಕೆ ಹೆಚ್ಚಾಗಿ ತನ್ನ ಕೋಣೆಯಲ್ಲಿ, ಹಾಸಿಗೆಯಲ್ಲಿ ಕಳೆದಳು. ಆದರೆ ಆ ಹಾಸಿಗೆಯೇ ಒಂದು ಕಚೇರಿಯಾಯಿತು. ಅಲ್ಲಿಂದ ಹೊರಟ ಪತ್ರಗಳಿಗೂ ವರದಿಗಳಿಗೂ ಲೆಕ್ಕವಿಲ್ಲ. ಜನರು ಕೃತಜ್ಞತೆಯಿಂದ ಕೂಡಿಸಿಕೊಟ್ಟ ಸುಮಾರು 45,000 ಪೌಂಡುಗಳ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆಯು ಆರಂಭವಾಯಿತು. ಸೈನ್ಯಕ್ಕೆ ವೈದ್ಯಶಾಲೆಯೂ ಅಂಕಿಅಂಶಗಳ ವಿಭಾಗವೂ ಬಂದವು. ಅದೇ ವರ್ಷ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ ಆಕೆ ಒಂದು ಸಲಹೆಯನ್ನಿಟ್ಟಳು: ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ, ರೋಗಗಳಿಗೆ ಒಂದೇ ಹೆಸರನ್ನು ಬಳಸಿ ಲೆಕ್ಕವನ್ನಿಡಬೇಕು. ಸ್ಕುಟಾರಿಯ ಆ ಮೂರು ಪಟ್ಟಿಗಳ ಗೊಂದಲವು ಇನ್ನೆಲ್ಲಿಯೂ ಮರುಕಳಿಸಬಾರದೆಂಬುದು ಅದರ ಹಿಂದಿದ್ದ ಹಂಬಲ. ಸಮ್ಮೇಳನವು ಸಲಹೆಯನ್ನು ಒಪ್ಪಿತು. ಮರುವರ್ಷ ಅಮೆರಿಕದಲ್ಲಿ ಅಂತರ್ಯುದ್ಧವು ತೊಡಗಿದಾಗ ಅಲ್ಲಿಯವರೂ ಆಕೆಯ ನೆರವನ್ನು ಕೋರಿದರು.

ಭಾರತವನ್ನು ಆಕೆ ಕಣ್ಣಾರೆ ಕಾಣಲಿಲ್ಲ. ಆದರೆ ತನ್ನ ಬಾಳಿನ ಬಹುಭಾಗವನ್ನು ಈ ದೇಶದ ಆರೋಗ್ಯದ ಚಿಂತನೆಗೆ ಮುಡಿಪಾಗಿಟ್ಟಳು. ಇಲ್ಲಿನ ಬ್ರಿಟಿಷ್ ಸೈನ್ಯದ ಆರೋಗ್ಯವನ್ನು ವಿಚಾರಿಸಲು 1859ರಲ್ಲಿ ಆಯೋಗವು ನೇಮಕವಾದಾಗ, ಪ್ರತಿಯೊಂದು ಸೈನಿಕ ನೆಲೆಗೂ ಪ್ರಶ್ನೆಗಳ ಪಟ್ಟಿಯನ್ನು ಕಳುಹಿಸುವ ಏರ್ಪಾಟನ್ನು ಆಕೆ ಮಾಡಿಸಿದಳು. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಕೊಳೆನೀರು ಎಲ್ಲಿಗೆ ಹೋಗುತ್ತದೆ, ಎಷ್ಟು ಮಂದಿ ಸತ್ತರು, ಏಕೆ ಸತ್ತರು ಎಂಬಂಥ ಪ್ರಶ್ನೆಗಳು ಅವು. ಬಂದ ಉತ್ತರಗಳನ್ನು ಮಲಗಿದಲ್ಲಿಯೇ ಓದಿ, 1863ರಲ್ಲಿ ಪ್ರಕಟವಾದ ವರದಿಗೆ ತನ್ನ ಅಭಿಪ್ರಾಯಗಳನ್ನು ಸೇರಿಸಿದಳು. ವರ್ಷಕ್ಕೆ ಸಾವಿರ ಸೈನಿಕರಲ್ಲಿ 69 ಮಂದಿ ಸಾಯುತ್ತಿದ್ದುದು ಅದರಿಂದ ಬೆಳಕಿಗೆ ಬಂದಿತು. ನಮ್ಮ ಬೆಂಗಳೂರಿನ ದಂಡುಪ್ರದೇಶವೂ ಆಕೆಯ ಕಣ್ಣಿನಿಂದ ತಪ್ಪಿಸಿಕೊಳ್ಳಲಿಲ್ಲ. ಜನರು ನೀರು ಕುಡಿಯುವ ಹಲಸೂರು ಕೆರೆಗೇ ಪೇಟೆಯ ಕೊಳೆಯೆಲ್ಲ ಹರಿದು ಸೇರುತ್ತಿರುವುದನ್ನು ಆಕೆ ಲಂಡನ್ನಿನಲ್ಲಿದ್ದುಕೊಂಡೇ ಎತ್ತಿ ತೋರಿಸಿದಳು. ಹತ್ತು ವರ್ಷಗಳ ಅನಂತರ ಮತ್ತೆ ಲೆಕ್ಕ ನೋಡಿದಳು. ಸೈನಿಕರ ಸಾವು ಸಾವಿರಕ್ಕೆ 18ಕ್ಕೆ ಇಳಿದಿತ್ತು. ಆದರೂ ಆಕೆಗೆ ಸಮಾಧಾನವಾಗಲಿಲ್ಲ. ಸುತ್ತಲಿನ ಊರು ಸಾಯುತ್ತಿರಲು ದಂಡು ಮಾತ್ರ ಬದುಕುವುದು ಯಾವ ನ್ಯಾಯ? 1876ರಿಂದ 1878ರವರೆಗೆ ಮದ್ರಾಸ್, ಮೈಸೂರು ಸೀಮೆಗಳನ್ನು ಸುಟ್ಟ ಭೀಕರ ಕ್ಷಾಮವನ್ನು ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದರು. ಆಗ ಆಕೆ ಭಾರತದ ರೈತನ ಸಾಲವನ್ನೂ ನೀರಾವರಿಯ ಅಗತ್ಯವನ್ನೂ ಕುರಿತು ಇಂಗ್ಲೆಂಡಿನ ಪತ್ರಿಕೆಯಲ್ಲಿ ಬರೆದು ಅಲ್ಲಿನ ಜನರ ಕಣ್ಣು ತೆರೆಯಿಸಲು ಹೆಣಗಿದಳು.

ರೆಡ್‌ಕ್ರಾಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬನಾದ ಹೆನ್ರಿ ಡ್ಯೂನಾಂಟನು ತನಗೆ ಸ್ಫೂರ್ತಿಯಾದವಳು ಈಕೆಯೇ ಎಂದು 1872ರಲ್ಲಿ ಲಂಡನ್ನಿನಲ್ಲಿ ಬಹಿರಂಗವಾಗಿ ಸಾರಿದನು. 1907ರಲ್ಲಿ ಬ್ರಿಟಿಷ್ ದೊರೆಯು ಆಕೆಗೆ ಆರ್ಡರ್ ಆಫ್ ಮೆರಿಟ್ ಎಂಬ ಉನ್ನತ ಪದವಿಯನ್ನಿತ್ತನು. ಅದನ್ನು ಪಡೆದ ಮೊದಲ ಮಹಿಳೆಯೂ ಆಕೆಯೇ. 1910ರ ಆಗಸ್ಟ್ 13ರಂದು, ತೊಂಬತ್ತನೆಯ ವಯಸ್ಸಿನಲ್ಲಿ ಆಕೆ ಕಣ್ಣು ಮುಚ್ಚಿದಳು. ಮಹಾಪುರುಷರು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಮಂದಿರದಲ್ಲಿ ಸಮಾಧಿಗೆ ಎಡೆ ದೊರೆಯುತ್ತಿತ್ತು. ಆದರೆ ಆಕೆಯ ಇಚ್ಛೆಯನ್ನು ಬಲ್ಲ ಬಂಧುಗಳು ಅದನ್ನು ಒಪ್ಪಲಿಲ್ಲ. ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಸಮಾಧಿಕಲ್ಲಿನ ಮೇಲೆ ಆಕೆಯ ಹೆಸರಿನ ಎರಡು ಮೊದಲಕ್ಷರಗಳೂ ಹುಟ್ಟುಸಾವುಗಳ ಕಾಲವೂ ಮಾತ್ರ ಇವೆ. ಆಕೆಯ ಹುಟ್ಟಿದ ದಿನವಾದ ಮೇ 12ನ್ನು ಜಗತ್ತು ದಾದಿಯರ ದಿನವಾಗಿ ಆಚರಿಸುತ್ತದೆ.

ಇಂದಿಗೂ ಜಗತ್ತಿನಲ್ಲಿ ಯುದ್ಧಗಳು ನಿಂತಿಲ್ಲ. ನೊಂದವರಿಗೆ ನೆರವನ್ನು ಹೊತ್ತು ಹೋಗುವವರೂ ಇಲ್ಲದಿಲ್ಲ. ಈಗ ಅಂಥ ಸಂಸ್ಥೆಗಳಲ್ಲಿ ಕಳುಹಿಸಿದ ನೆರವು ಎಲ್ಲಿಗೆ ಮುಟ್ಟಿತು, ಅದರಿಂದ ಆದ ಫಲವೇನು ಎಂದು ನೋಡುವುದಕ್ಕಾಗಿಯೇ ನೇಮಕವಾದವರಿರುತ್ತಾರೆ. ಹಲವು ಸಂಸ್ಥೆಗಳ ಲೆಕ್ಕಗಳನ್ನು ಒಂದೇ ನಮೂನೆಗೆ ತಂದು, ತಾಳೆ ನೋಡಿ, ಉಳಿದ ಕೊರತೆಯನ್ನು ಹೇಳುವುದು ಅವರ ಕೆಲಸ. ಅವರ ಕೈಯಲ್ಲಿ ಔಷಧವಿಲ್ಲ, ಅನ್ನವಿಲ್ಲ. ಅವರನ್ನು ಯಾರೂ ದೇವತೆಗಳೆಂದು ಕರೆಯುವುದಿಲ್ಲ. ಒಂದೊಂದು ವೇಳೆ ಅವರ ವರದಿಯು ಒಡನೆ ದುಡಿದವರಿಗೇ ಕಹಿಯಾಗುತ್ತದೆ. ಆದರೂ ಅವರು ನಡೆಯುತ್ತಿರುವುದು ಸ್ಕುಟಾರಿಯ ಆ ದಾರಿಯಲ್ಲಿಯೇ.

ಕರುಣೆಯು ದೊಡ್ಡದು. ಆದರೆ ತನ್ನ ಫಲವನ್ನು ತಾನೇ ಪರೀಕ್ಷಿಸಿ ನೋಡುವ ಕರುಣೆಯು ಅದಕ್ಕಿಂತ ದೊಡ್ಡದು. ಒಳ್ಳೆಯದನ್ನು ಮಾಡಬೇಕೆಂಬ ಬಯಕೆಯು ಹಲವರಲ್ಲಿರುತ್ತದೆ; ತಾನು ಮಾಡಿದ್ದು ಒಳ್ಳೆಯದಾಯಿತೇ ಎಂದು ಕೇಳಿಕೊಳ್ಳುವ ಧೈರ್ಯವು ಕೆಲವರಲ್ಲಿ ಮಾತ್ರ. ಉತ್ತರವು ತನಗೆ ಪ್ರತಿಕೂಲವಾದಾಗಲೂ ಅದನ್ನು ಲೋಕದ ಮುಂದಿಟ್ಟು, ಇನ್ನೊಬ್ಬ ತಾಯಿಯ ಮಗನಾದರೂ ಬದುಕಲೆಂದು ದುಡಿದವಳು ಫ್ಲಾರೆನ್ಸ್ ನೈಟಿಂಗೇಲ್. ಆಕೆಯ ದೀಪವು ರೋಗಿಯ ಮುಖವನ್ನು ಬೆಳಗಿತು. ಆಕೆಯ ಲೆಕ್ಕವು ರೋಗದ ಮೂಲವನ್ನು ಬೆಳಗಿತು. ಎರಡೂ ಬೆಳಕುಗಳು ಕೂಡಿದಾಗಲೇ ಸೇವೆಯು ಪೂರ್ಣವಾಗುವುದು.